ಭಾರ ಹೊರುವ ಕಾಳು ಯಾವುದು?

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ ಕಲಘಟಗಿ ದಾಟಿದ ಮೇಲೆ, ಯಲ್ಲಾಪುರ ಬರುವ ಮುಂಚೆ ಕಿರವತ್ತಿ ಸಿಗುತ್ತದೆ. ಧಾರವಾಡದ ಬಯಲು ಮುಗಿದು ಸಾಗುವಾನಿ ಕಾಡು ಶುರುವಾಗುವ ಜಾಗ. ಹೊರಗಿನವರಿಗೆ ಈ ಊರು ಗೊತ್ತಿರುವುದು ಅರಣ್ಯ ಇಲಾಖೆಯ ಟಿಂಬರ್ ಡಿಪೋದಿಂದ. ಸುತ್ತಲಿನವರ ಬದುಕು ಮಾತ್ರ ಭತ್ತ, ಗೋವಿನಜೋಳದ ಮೇಲೆ. ಸುಗ್ಗಿ ಮುಗಿಯುತ್ತಲೇ ಗೋವಿನಜೋಳ ಡಾಂಬರು ರಸ್ತೆಯ ಅಂಚಿಗೇ ಬಂದು ಹಾಸಿಕೊಳ್ಳುತ್ತದೆ, ಭತ್ತ ಚೀಲ ಸೇರಿ ಗಿರಣಿಯ ದಾರಿ ಹಿಡಿಯುತ್ತದೆ. ಗಿರಣಿಯೆಂದರೆ ದೊಡ್ಡ ರೈಸ್ ಮಿಲ್ ಎಂದುಕೊಳ್ಳಬೇಡಿ. ಮನೆ ಊಟದ ಮಟ್ಟಿಗೆ ನಾಲ್ಕೈದು ಚೀಲ ಭತ್ತ ಮಾಡಿಸಿಕೊಂಡು ಬರುವ ಹಳ್ಳಿಯ ಹಲ್ಲರ್.

ಹಲ್ಲರ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ದೂರದ ಬ್ರೆಜಿಲ್‌ನಲ್ಲಿ. ಎಂಗೆಲ್‌ಬರ್ಗ್ ಎಂಬಾತ ಕಾಫಿ ಮತ್ತು ಭತ್ತದ ಸಿಪ್ಪೆ ತೆಗೆಯಲೆಂದು ರೂಪಿಸಿದ ಯಂತ್ರ ಅದು. ಅಂದಿನ ವಿನ್ಯಾಸ ಇಂದಿಗೂ ಹೆಚ್ಚು ಬದಲಾಗಿಲ್ಲ. ಮೇಲೆ ಭತ್ತ ಸುರಿಯುವ ತಗಡಿನ ಡಬ್ಬ. ಅದರ ಕೆಳಗೆ ಕಬ್ಬಿಣದ ಗೂಡಿನೊಳಗೆ ಅಡ್ಡಡ್ಡ ಮಲಗಿದ ಎರಕದ ಉರುಳೆ. ಭತ್ತ ಬೀಳುವ ತುದಿಯಲ್ಲಿ ಉರುಳೆಯ ಮೈಮೇಲೆ ಸ್ಕ್ರೂವಿನ ಹಾಗೆ ಸುತ್ತುವ ಏಣುಗಳಿವೆ. ಅವು ಕಾಳನ್ನು ಮುಂದಕ್ಕೆ ದಬ್ಬುತ್ತವೆ. ಉಳಿದ ಉದ್ದಕ್ಕೆ ನೇರವಾದ ಏಣುಗಳು. ಪಕ್ಕದಲ್ಲಿ ಹಿಂದೆ ಮುಂದೆ ಸರಿಸಬಹುದಾದ ಉಕ್ಕಿನ ಪಟ್ಟಿ, ಅಡಿಯಲ್ಲಿ ತೌಡು ಬೀಳಲು ತೂತಿನ ಜಾಲರಿ, ಕೊನೆಯಲ್ಲಿ ಅಕ್ಕಿ ಹೊರಬರುವ ಬಾಯಿ. ಆ ಬಾಯಿಗೆ ಒಂದು ಚಿಕ್ಕ ಬಾಗಿಲು.

ಗಿರಣಿಯವನ ಕಸುಬೆಲ್ಲ ಆ ಬಾಗಿಲಲ್ಲಿದೆ. ಪೂರ್ತಿ ತೆಗೆದರೆ ಭತ್ತ ಸುಮ್ಮನೆ ಉರುಳಿಕೊಂಡು ಅರ್ಧ ಸಿಪ್ಪೆಯೊಂದಿಗೆ ಆಚೆ ಬರುತ್ತದೆ. ಬಿಗಿ ಮಾಡಿದರೆ ಗೂಡಿನೊಳಗೆ ಕಾಳು ಒತ್ತೊತ್ತಾಗಿ ತುಂಬುತ್ತದೆ, ಬೆಲ್ಟು ಏದುಸಿರು ಬಿಡುತ್ತದೆ, ಅಕ್ಕಿ ಬೆಳ್ಳಗಾಗುತ್ತದೆ. ಇನ್ನೂ ಬಿಗಿ ಮಾಡಿದರೆ ಬರುವುದು ನುಚ್ಚು. ಅನುಭವಸ್ಥ ಗಿರಣಿಯವ ಹೊರಬರುವ ಅಕ್ಕಿಗೆ ಅಂಗೈ ಒಡ್ಡಿ ಮೊದಲು ಬಿಸಿ ನೋಡುತ್ತಾನೆ, ಆಮೇಲೆ ಹೆಬ್ಬೆರಳಲ್ಲಿ ಹರಡಿ ನುಚ್ಚು ನೋಡುತ್ತಾನೆ, ಎಡಗೈಯಲ್ಲಿ ಬಾಗಿಲನ್ನು ಕೂದಲೆಳೆಯಷ್ಟು ಸರಿಸುತ್ತಾನೆ. ನುಚ್ಚು ಹೆಚ್ಚಾದರೆ ತಪ್ಪು ಭತ್ತ ತಂದವರದ್ದೇ: ‘ಬಿಸಿಲಿಗೆ ಜಾಸ್ತಿ ಬಿಟ್ಟಿದ್ರಿ ಮಾರಾಯ್ರೆ.’ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧಕ್ಕೆ ಸ್ವಲ್ಪ ಒಳಗೆ ಇಣುಕಬೇಕು.

ಹಲ್ಲರಿನಲ್ಲಿ ಅಕ್ಕಿಗೆ ಪಾಲಿಶ್ ಕೊಡುವುದು ಯಾವುದು ಎಂದು ಕೇಳಿದರೆ ಹೆಚ್ಚಿನವರು ಕಬ್ಬಿಣದ ಉರುಳೆಯತ್ತ ಬೆರಳು ತೋರಿಸುತ್ತಾರೆ. ಉರುಳೆಗೆ ಮೈ ತಾಗಿಸಿಕೊಂಡು ಹೋಗುವ ಕಾಳು ಒಂದು ಕ್ಷಣಕ್ಕೆ ಕೆಲವು ಮಾತ್ರ. ಮಿಕ್ಕವೆಲ್ಲ ಒಂದಕ್ಕೊಂದು ಅದುಮಿಕೊಂಡು, ಉಜ್ಜಿಕೊಂಡು ಸಾಗುತ್ತವೆ. ಹೊಟ್ಟು ಸುಲಿಯುವ, ತೌಡು ಕೆರೆಯುವ ಕೆಲಸದ ದೊಡ್ಡ ಪಾಲನ್ನು ಮಾಡುವುದು ಪಕ್ಕದ ಕಾಳು. ಒರಳಲ್ಲಿ ಭತ್ತ ಕುಟ್ಟುತ್ತಿದ್ದ ಕಾಲದಲ್ಲೂ ಹೀಗೇ. ಒನಕೆಯ ತುದಿ ತಾಗಿದ ಕಾಳಿಗಿಂತ, ಒನಕೆ ಇಳಿದಾಗ ಅಕ್ಕಪಕ್ಕಕ್ಕೆ ಸರಿದು ಉಜ್ಜಿಕೊಂಡ ಕಾಳೇ ಹೆಚ್ಚು ಸುಲಿಯುತ್ತಿತ್ತು. ಹೊಸ ಗಿರಣಿಗಳ ರಬ್ಬರ್ ರೋಲರ್ ಬೇರೆ ಜಾತಿಯದು. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ರಬ್ಬರ್ ಉರುಳೆಗಳ ನಡುವೆ ಪ್ರತಿ ಕಾಳೂ ಒಂಟಿಯಾಗಿ ಹಾದುಹೋಗುತ್ತದೆ, ಅದಕ್ಕೇ ಅಲ್ಲಿ ನುಚ್ಚು ಕಡಿಮೆ. ಹಲ್ಲರ್ ಮಾತ್ರ ಗುಂಪಿನ ಯಂತ್ರ. ಗುಂಪು ಹೇಗೆ ವರ್ತಿಸುತ್ತದೆ ಎನ್ನುವುದರ ಮೇಲೆ ಅದರ ಅಕ್ಕಿ ನಿಂತಿದೆ.

ಅದುಮಿಟ್ಟ ಕಾಳಿನ ರಾಶಿಯಲ್ಲಿ ಭಾರ ಎಲ್ಲ ಕಾಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ನೀರಿನಲ್ಲಿ ಹಾಗೆ ಆಗುತ್ತದೆ. ಕಾಳಿನಲ್ಲಿ ಆಗುವುದಿಲ್ಲ. 1995ರಲ್ಲಿ ಷಿಕಾಗೋದ ಭೌತವಿಜ್ಞಾನಿಗಳ ತಂಡವೊಂದು ಇದನ್ನು ಅಗ್ಗದ ಉಪಾಯದಿಂದ ತೋರಿಸಿತು. ಡಬ್ಬದ ತಳಕ್ಕೆ ಬಿಳಿ ಹಾಳೆ, ಅದರ ಮೇಲೆ ನಮ್ಮ ಟೈಪಿಸ್ಟರು ಬಳಸುತ್ತಿದ್ದ ಕಾರ್ಬನ್ ಪೇಪರ್, ಅದರ ಮೇಲೆ ಗಾಜಿನ ಮಣಿಗಳ ರಾಶಿ. ಮೇಲಿನಿಂದ ಒತ್ತಿ, ಮಣಿ ತೆಗೆದು, ಹಾಳೆ ನೋಡಿದರೆ ಪ್ರತಿ ಮಣಿ ಎಷ್ಟು ಭಾರ ಹೊತ್ತಿತ್ತು ಎಂಬುದು ಕಪ್ಪು ಚುಕ್ಕೆಯ ಗಾತ್ರದಲ್ಲಿ ದಾಖಲಾಗಿತ್ತು. ಬಹುಪಾಲು ಚುಕ್ಕೆಗಳು ಮಸುಕು. ಅಲ್ಲೊಂದು ಇಲ್ಲೊಂದು ದೊಡ್ಡ, ಕರ್ರಗಿನ ಮಚ್ಚೆ. ಸರಾಸರಿಯ ಹಲವು ಪಟ್ಟು ಭಾರ ಹೊತ್ತ ಮಣಿಗಳು ಕೆಲವೇ ಇದ್ದವು, ಆದರೆ ಇದ್ದೇ ಇದ್ದವು.

ಆ ಭಾರ ಬರುವ ದಾರಿಯನ್ನೇ ಕಣ್ಣಿಗೆ ಕಾಣಿಸುವ ಇನ್ನೊಂದು ವಿಧಾನವಿದೆ. ಕೆಲವು ಪಾರದರ್ಶಕ ಪ್ಲಾಸ್ಟಿಕ್‌ಗಳನ್ನು ಒತ್ತಿ, ಧ್ರುವೀಕರಿಸಿದ ಬೆಳಕಿನಲ್ಲಿ ನೋಡಿದರೆ ಒತ್ತಡವಿರುವ ಕಡೆ ಬೆಳಗುತ್ತವೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬೆಹ್ರಿಂಜರ್ ವರ್ಷಗಟ್ಟಲೆ ಇಂಥ ಬಿಲ್ಲೆಗಳನ್ನು ಚೌಕಟ್ಟಿನೊಳಗೆ ಹರಡಿ ನಾಲ್ಕೂ ಕಡೆಯಿಂದ ಅದುಮಿದರು. ಬಿಲ್ಲೆಯಿಂದ ಬಿಲ್ಲೆಗೆ ಹಾರಿಕೊಂಡು, ಕವಲೊಡೆದು, ಮತ್ತೆ ಕೂಡಿಕೊಂಡು ಹೋಗುವ ಬೆಳಕಿನ ಗೆರೆಗಳು ಕಂಡವು. ಇವಕ್ಕೆ ಬಲದ ಸರಪಣಿ ಎನ್ನುತ್ತಾರೆ. ತೃಶಾಂತ್ ಮಜ್ಮುದಾರ್ ಜೊತೆ ಸೇರಿ 2005ರಲ್ಲಿ ಅವರು ಪ್ರಕಟಿಸಿದ ಅಳತೆಗಳು ಇನ್ನೊಂದು ಸೂಕ್ಷ್ಮ ಹೇಳಿದವು. ಎಲ್ಲ ದಿಕ್ಕಿನಿಂದ ಸಮನಾಗಿ ಅದುಮಿದರೆ ಸರಪಣಿಗಳು ಚಿಕ್ಕವು, ದಿಕ್ಕೆಟ್ಟವು. ಒಂದು ಕಡೆ ಅದುಮಿ ಇನ್ನೊಂದು ಕಡೆ ಸಡಿಲ ಬಿಟ್ಟರೆ, ಅದುಮಿದ ದಿಕ್ಕಿಗೇ ಉದ್ದುದ್ದ ಸರಪಣಿಗಳು ಎದ್ದು ನಿಲ್ಲುತ್ತವೆ. ಹಲ್ಲರಿನ ಗೂಡಿನೊಳಗೆ ಆಗುವುದು ಈ ಎರಡನೆಯ ಬಗೆ. ಉರುಳೆ ಒಂದು ಕಡೆಯಿಂದ ನೂಕುತ್ತದೆ, ಪಟ್ಟಿ ಇನ್ನೊಂದು ಕಡೆ ತಡೆಯುತ್ತದೆ.

ತೇರಿನ ಮಿಣಿಗೆ ನೂರು ಕೈ ಇದ್ದರೂ ನಿಜಕ್ಕೂ ಎಳೆಯುವವರು ಇಪ್ಪತ್ತು ಜನ ಎಂದು ನಮ್ಮೂರ ಹಿರಿಯರು ಗೊಣಗುವುದುಂಟು. ಕಾಳಿನ ರಾಶಿಯೂ ಹಾಗೇ ಎನ್ನಬಹುದಿತ್ತು, ಒಂದು ತಕರಾರು ಇಲ್ಲದಿದ್ದರೆ. ಇಲ್ಲಿ ಸುಮ್ಮನೆ ನಿಂತ ಕಾಳುಗಳಿಗೂ ಕೆಲಸವಿದೆ. ಒಂದರ ಮೇಲೊಂದು ನಿಂತ ಕಾಳಿನ ಸಾಲು ತಾನಾಗಿ ನಿಲ್ಲಲಾರದು, ಪಕ್ಕಕ್ಕೆ ಬಾಗಿ ಕುಸಿಯುತ್ತದೆ. ಹಗುರ ಭಾರದ ನೆರೆಯ ಕಾಳುಗಳು ಎರಡೂ ಬದಿ ಆತುಕೊಂಡಿರುವುದರಿಂದಲೇ ಸರಪಣಿ ನೆಟ್ಟಗಿರುತ್ತದೆ. ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು 1990ರ ದಶಕದ ಕೊನೆಯಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಸರಾಸರಿಗಿಂತ ಹೆಚ್ಚು ಹೊರುವ ಮತ್ತು ಕಡಿಮೆ ಹೊರುವ ಎರಡು ಜಾಲಗಳನ್ನು ಬೇರೆಯಾಗಿಯೇ ಗುರುತಿಸಿದರು. ಜಾರುವುದು, ಉಜ್ಜುವುದು ಬಹುತೇಕ ನಡೆಯುವುದು ಈ ಹಗುರ ಜಾಲದಲ್ಲಿ. ಎಂದರೆ ಅಕ್ಕಿಯ ಪಾಲಿಶ್ ಬಹುಶಃ ಇವುಗಳ ದುಡಿಮೆ. ನುಚ್ಚಾಗುವ ಪಾಳಿ ಸರಪಣಿಯಲ್ಲಿ ಸಿಕ್ಕಿಕೊಂಡವುಗಳದ್ದು.

ಎರಡು ಕಾಳು ತಾಗುವ ಜಾಗ ಚುಕ್ಕೆಯಷ್ಟು. 1882ರಲ್ಲಿ ಹೈನ್ರಿಕ್ ಹರ್ಟ್ಜ್, ರೇಡಿಯೊ ಅಲೆಗಳಿಂದ ಹೆಸರಾಗುವುದಕ್ಕೂ ಮೊದಲು, ಎರಡು ಗಟ್ಟಿ ಗುಂಡುಗಳನ್ನು ಅದುಮಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಒತ್ತಿದಷ್ಟೂ ತಾಗುವ ಜಾಗ ಅಗಲವಾಗುತ್ತದೆ, ಹಾಗಾಗಿ ಒತ್ತಿದಷ್ಟೂ ಬಿಗಿ ಏರುತ್ತದೆ. ಅದುಮಿದ ಆಳ ಎರಡು ಪಟ್ಟಾದರೆ ಬೇಕಾಗುವ ಬಲ 2.8 ಪಟ್ಟಿನಷ್ಟು. ಗಿರಣಿಯವನ ಬಾಗಿಲು ಕೊನೆಕೊನೆಗೆ ಕೂದಲೆಳೆಯಷ್ಟು ಸರಿದರೂ ಅಕ್ಕಿ ಮುರಿಯತೊಡಗುವುದಕ್ಕೆ ಇದೂ ಒಂದು ಕಾರಣ. ಬಿಸಿಲಿನ ಮಾತಿಗೆ ಬಂದರೆ, ಬಿರುಸಾಗಿ ಒಣಗಿ ಆಮೇಲೆ ಇಬ್ಬನಿಗೆ ತೇವ ಹೀರಿದ ಭತ್ತದ ಒಳಗೆ ಅಡ್ಡಡ್ಡ ಬಿರುಕು ಬಿದ್ದಿರುತ್ತದೆ. ಬಿರುಕಿದ್ದ ಕಾಳು ಹಗುರ ಜಾಲದಲ್ಲಿದ್ದರೆ ಬಚಾವು, ಸರಪಣಿಯಲ್ಲಿ ಸಿಕ್ಕರೆ ಎರಡು ತುಂಡು. ಘಟ್ಟದ ಕೆಳಗಿನ ಕುಚ್ಚಲಕ್ಕಿ ಕಡಿಮೆ ಒಡೆಯುವುದೇಕೆಂದರೆ ಬೇಯಿಸಿದಾಗ ಒಳಗಿನ ಪಿಷ್ಟ ಅಂಟಾಗಿ ಬಿರುಕನ್ನು ಬೆಸೆದುಬಿಟ್ಟಿರುತ್ತದೆ.

ಗಿರಣಿಯಲ್ಲಿ ಇನ್ನೊಂದು ದೃಶ್ಯ ಎಲ್ಲರೂ ನೋಡಿರುತ್ತಾರೆ. ತಗಡಿನ ಡಬ್ಬದ ತುಂಬ ಧಾನ್ಯವಿದೆ, ಆದರೆ ಕೆಳಗೆ ಬೀಳುವುದು ನಿಂತಿದೆ. ಗಿರಣಿಯವ ಕೋಲಿನಿಂದ ಡಬ್ಬಕ್ಕೆ ಎರಡು ಬಾರಿಸುತ್ತಾನೆ, ಸುರಿಯುತ್ತದೆ. ಹಳೆಯ ಗಿರಣಿಯ ಡಬ್ಬ ಒಂದೇ ಜಾಗದಲ್ಲಿ ನೆಗ್ಗಿ ನೆಗ್ಗಿ ಹೊಳೆಯುತ್ತಿರುತ್ತದೆ. ಬಾಯಿಯ ಹತ್ತಿರ ನಾಲ್ಕಾರು ಕಾಳು ಒಂದಕ್ಕೊಂದು ಆತು ಕಮಾನು ಕಟ್ಟಿಕೊಂಡಾಗ ಹೀಗಾಗುತ್ತದೆ. ಕಮಾನಿನ ವಿಚಿತ್ರವೆಂದರೆ ಮೇಲಿನ ಭಾರ ಹೆಚ್ಚಿದಷ್ಟೂ ಅದು ಬಿಗಿಯಾಗುತ್ತದೆ. ಮೇಲಿನಿಂದ ಇನ್ನಷ್ಟು ಸುರಿದು ತಳ್ಳಲು ನೋಡಿದರೆ ಕೆಲಸ ಕೆಡುತ್ತದೆ. ಪಕ್ಕದಿಂದ ಅಲುಗಿಸಬೇಕು. ಬಾಯಿಯ ಅಗಲ ಕಾಳಿನ ಅಗಲದ ಐದಾರು ಪಟ್ಟಿಗಿಂತ ಹೆಚ್ಚಿದ್ದರೆ ಕಮಾನು ಕಟ್ಟುವುದು ಅಪರೂಪ, ಆದರೆ ತೇವದ ಹಿಟ್ಟಿಗೆ, ತೌಡಿಗೆ ಆ ಲೆಕ್ಕ ನಡೆಯುವುದಿಲ್ಲ.

ಇದೇ ಕಮಾನುಗಳು ರಾಶಿಯ ಒಳಗೆಲ್ಲ ಸಣ್ಣದಾಗಿ ಹರಡಿಕೊಂಡು ಗೋಡೆಗೆ ಒರಗಿರುತ್ತವೆ. ಅದರ ಪರಿಣಾಮವನ್ನು 1895ರಲ್ಲಿ ಜರ್ಮನಿಯ ಇಂಜಿನಿಯರ್ ಯಾನ್ಸೆನ್ ಅಳೆದರು. ಕಿರಿದಾದ ಎತ್ತರದ ಗೂಡಿಗೆ ಕಾಳು ತುಂಬುತ್ತ ಹೋದರೆ ತಳದ ಒತ್ತಡ ಮೊದಲು ಏರುತ್ತದೆ, ಆಮೇಲೆ ಏರುವುದನ್ನು ನಿಲ್ಲಿಸಿಬಿಡುತ್ತದೆ. ಗೂಡಿನ ಅಗಲದ ಮೂರು ನಾಲ್ಕು ಪಟ್ಟು ಆಳ ದಾಟಿದ ಮೇಲೆ ಹೊಸದಾಗಿ ಸುರಿದ ಕಾಳಿನ ಭಾರವನ್ನೆಲ್ಲ ಗೋಡೆಗಳೇ ಹೊರುತ್ತವೆ. ನಮ್ಮ ಕಡೆಯ ಬಿದಿರಿನ ಕಣಜ ಅಷ್ಟು ಎತ್ತರವಿರುವುದಿಲ್ಲ, ಹೊಟ್ಟೆ ದಪ್ಪ, ಆದ್ದರಿಂದ ಯಾನ್ಸೆನ್ ಅದರಲ್ಲಿ ಅಲ್ಪಸ್ವಲ್ಪ ಮಾತ್ರ ಕಾಣಿಸಿಕೊಳ್ಳುತ್ತಾರೆ. ಆದರೂ ಕಣಜ ಹೆಣೆಯುವವರಿಗೆ ಭತ್ತ ಪಕ್ಕಕ್ಕೆ ದಬ್ಬುತ್ತದೆ ಎಂಬುದು ಗೊತ್ತಿತ್ತು. ಸಗಣಿ ಸಾರಿಸಿದ ಮೈಯ ಸುತ್ತ ಬಿಗಿಯಾದ ಹೆಣಿಗೆ ಅದಕ್ಕೇ. ಇಂದಿನ ಉಕ್ಕಿನ ಸೈಲೋಗಳು ಬಹಳ ಸಲ ತುಂಬುವಾಗ ತಾಳಿಕೊಂಡು, ಖಾಲಿ ಮಾಡುವಾಗ ಸೊಟ್ಟಗಾಗುತ್ತವೆ. ಕಾಳು ಸರಿಯತೊಡಗಿದಾಗ ಹಳೆಯ ಸರಪಣಿಗಳು ಮುರಿದು ಹೊಸವು ಗೋಡೆಯ ಕಡೆಗೆ ತಿರುಗಿಕೊಳ್ಳುತ್ತವೆ.

ಕಾಳು ಚಲಿಸುವಾಗ ಯಾನ್ಸೆನ್ ಲೆಕ್ಕ ಎಷ್ಟು ಕೆಡಬಹುದು ಎಂಬುದನ್ನು ತೋರಿಸಿದವರು ನಮ್ಮ ಬೆಂಗಳೂರಿನವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಳು, ಮರಳು, ಪುಡಿಗಳ ಹರಿವಿನ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಅಲ್ಲಿನ ಕೆ. ಕೇಶವ ರಾವ್ ಮತ್ತು ಪ್ರಭು ನಾಟ್ ಬರೆದ ಈ ವಿಷಯದ ಪಠ್ಯಪುಸ್ತಕವನ್ನು 2008ರಲ್ಲಿ ಕೇಂಬ್ರಿಡ್ಜ್ ಪ್ರಕಟಿಸಿತು. 2012ರಲ್ಲಿ ನಾಟ್ ಮತ್ತು ಅವರ ವಿದ್ಯಾರ್ಥಿಗಳು ಒಂದರೊಳಗೊಂದು ಇಟ್ಟ ಎರಡು ಸಿಲಿಂಡರುಗಳ ನಡುವೆ ಕಾಳು ತುಂಬಿ, ಒಳಗಿನದನ್ನು ಮೆಲ್ಲಗೆ ತಿರುಗಿಸಿ, ಹೊರಗೋಡೆಯ ಮೇಲಿನ ಒತ್ತಡವನ್ನು ಬೇರೆ ಬೇರೆ ಆಳದಲ್ಲಿ ಅಳೆದರು. ನಿಂತ ರಾಶಿಯಲ್ಲಿ ಗೋಡೆ ಕಾಳನ್ನು ಮೇಲಕ್ಕೆ ಹಿಡಿದುಕೊಳ್ಳುತ್ತದಷ್ಟೆ. ತಿರುಗಿಸಿದಾಗ ಲಂಬ ಘರ್ಷಣೆಯ ದಿಕ್ಕೇ ಉಲ್ಟಾ ಆಯಿತು, ಆಳಕ್ಕೆ ಹೋದಂತೆ ಒತ್ತಡ ತೀವ್ರವಾಗಿ ಏರಿತು. ದ್ರವವೂ ಹೀಗೆ ವರ್ತಿಸುವುದಿಲ್ಲ, ಅದುವರೆಗಿನ ಸಿದ್ಧಾಂತಗಳೂ ಇದನ್ನು ಹೇಳಿರಲಿಲ್ಲ. 2016ರಲ್ಲಿ ಅದೇ ಪ್ರಯೋಗಾಲಯ ಕಾರಣ ಕೊಟ್ಟಿತು: ಜಾರುವಾಗ ಕಾಳುಗಳು ಒಂದರ ಮೇಲೊಂದು ಹತ್ತಿ ಉಬ್ಬುತ್ತವೆ, ಆ ಉಬ್ಬರ ಇಡೀ ರಾಶಿಯಲ್ಲಿ ನಿಧಾನವಾದೊಂದು ಸುಳಿಯನ್ನು ಹುಟ್ಟಿಸುತ್ತದೆ. ಸಿಲಿಂಡರಿನೊಳಗೆ ಉರುಳೆ ತಿರುಗುವ ಹಲ್ಲರಿನ ಹತ್ತಿರದ ನೆಂಟ ಈ ಉಪಕರಣ ಎಂದು ನನಗನಿಸುತ್ತದೆ, ಒಂದು ನಿಂತಿದೆ, ಇನ್ನೊಂದು ಮಲಗಿದೆ ಎಂಬುದನ್ನು ಬಿಟ್ಟರೆ.

ಜಾರಬೇಕಾದರೆ ಉಬ್ಬಬೇಕು ಎಂಬುದನ್ನು ಮೊದಲು ಗಮನಿಸಿ ಬರೆದವರು ಆಸ್ಬೋರ್ನ್ ರೆನಾಲ್ಡ್ಸ್, 1885ರಲ್ಲಿ. ಕಾರವಾರದಲ್ಲೋ ಗೋಕರ್ಣದಲ್ಲೋ ಅಲೆ ಸರಿದ ಹಸಿ ಮರಳಿನ ಮೇಲೆ ಕಾಲಿಟ್ಟರೆ ಪಾದದ ಸುತ್ತ ಮರಳು ತಟ್ಟನೆ ಒಣಗಿದಂತೆ ಬಿಳುಪಾಗುತ್ತದಲ್ಲ, ಅದು ಇದೇ. ಒತ್ತಿದರೆ ನೀರು ಮೇಲೆ ಬರಬೇಕಿತ್ತು, ಕೆಳಗೆ ಹೋಗುತ್ತದೆ. ಒತ್ತೊತ್ತಾಗಿ ಕೂತ ಕಣಗಳನ್ನು ಜರುಗಿಸಿದಾಗ ಅವುಗಳ ನಡುವಿನ ಸಂದು ಹಿಗ್ಗಿ ಮೇಲಿನ ನೀರನ್ನು ಎಳೆದುಕೊಳ್ಳುತ್ತದೆ. ಸಡಿಲವಾಗಿ ಕೂತ ಮರಳಾದರೆ ಇದರ ಉಲ್ಟಾ: ಜರುಗಿಸಿದರೆ ಕುಗ್ಗುತ್ತದೆ. ಒಂದೇ ಮರಳು, ಒಂದೇ ಕೈ, ಮೊದಲು ಹೇಗೆ ಕೂತಿತ್ತು ಎಂಬುದರ ಮೇಲೆ ಎರಡು ನಡವಳಿಕೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಘಟ್ಟ ಇಳಿಯುವಾಗ ಬೇಕಾಗುತ್ತದೆ.

ಹೇಗೆ ಕೂತಿದೆ ಎನ್ನುವುದರ ಮೇಲೆ ಹಿಂದೆ ಜಗಳಗಳೇ ಆಗುತ್ತಿದ್ದವು. ಭತ್ತವನ್ನು ಕೊಳಗದಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಗೇಣಿ ಕೊಡುವವ ಮೆಲ್ಲಗೆ ಸುರಿದು ತಲೆ ಸವರುತ್ತಿದ್ದ, ಗೇಣಿ ಪಡೆಯುವವ ಕೊಳಗವನ್ನು ಕುಲುಕಿಸುತ್ತಿದ್ದ. ಗುಂಡು ಕಾಳನ್ನು ಮೆಲ್ಲಗೆ ಸುರಿದರೆ ಪಾತ್ರೆಯ ನೂರು ಪಾಲಿನಲ್ಲಿ ಸುಮಾರು 55–60 ಪಾಲು ಮಾತ್ರ ಕಾಳು, ಉಳಿದದ್ದು ಗಾಳಿ. ಕುಲುಕಿ ಕುಲುಕಿ ಕೂರಿಸಿದರೆ 64ರ ಹತ್ತಿರ ನಿಂತುಬಿಡುತ್ತದೆ. ಲಂಡನ್ನಿನ ಜೆ.ಡಿ. ಬರ್ನಾಲ್ 1960ರ ಸುಮಾರಿಗೆ ಬಾಲ್ ಬೇರಿಂಗಿನ ಗುಂಡುಗಳನ್ನು ತುಂಬಿ ತುಂಬಿ ಇದನ್ನು ನೋಡಿದರು. ಅಂಗಡಿಯವ ಕಿತ್ತಳೆ ಜೋಡಿಸುವಂತೆ ಒಂದೊಂದಾಗಿ ಇಟ್ಟರೆ 74ರವರೆಗೆ ಹೋಗಬಹುದು. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು 1611ರಲ್ಲಿ ಕೆಪ್ಲರ್ ಊಹಿಸಿದ್ದು, 1998ರಲ್ಲಿ ಥಾಮಸ್ ಹೇಲ್ಸ್ ಸಾಧಿಸಿದ್ದು. ಗುಂಡಗಿಲ್ಲದ, ಮೊಟ್ಟೆಯಾಕಾರದ ಕಾಳು ಸುಮ್ಮನೆ ಕುಲುಕಿದರೂ 64 ದಾಟುತ್ತದೆ ಎಂದು 2004ರಲ್ಲಿ ಪ್ರಿನ್ಸ್‌ಟನ್ನಿನವರು ಚಪ್ಪಟೆ ಚಾಕೊಲೇಟ್ ಗುಳಿಗೆಗಳನ್ನು ತುಂಬಿ ಕಂಡುಕೊಂಡರು. ಉರುಳಿ ತಿರುಗಿ ಸಂದಿಗೆ ಹೊಂದಿಕೊಳ್ಳುವ ಅವಕಾಶ ಅವಕ್ಕೆ ಹೆಚ್ಚು, ಒಂದೊಂದೂ ತಾಗಿಸಿಕೊಳ್ಳುವ ನೆರೆಯವೂ ಹೆಚ್ಚು. ಅಂತೂ ಒಂದು ಕೊಳಗಕ್ಕೆ ಹತ್ತರಲ್ಲೊಂದು ಪಾಲು ಆಚೀಚೆ ಮಾಡಲು ಕೈಚಳಕ ಸಾಕಿತ್ತು. 1956ರ ತೂಕ ಮತ್ತು ಅಳತೆ ಕಾಯ್ದೆ ಬಂದು ಕಾಳು ತಕ್ಕಡಿಗೆ ಏರಿದ ಮೇಲೆ ಈ ಕಲೆ ನಶಿಸಿತು. ಮೋಸ ಬೇರೆ ರೂಪ ತಾಳಿತು, ಅದು ಇಲ್ಲಿನ ವಿಷಯವಲ್ಲ.

ಕಿರವತ್ತಿಗೆ ರೈಲು ಬಂದಿದ್ದರೆ ಈ ಕುಲುಕಾಟದ ದೊಡ್ಡ ಉದಾಹರಣೆ ಊರ ಪಕ್ಕದಲ್ಲೇ ಇರುತ್ತಿತ್ತು. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದ ಕೊನೆಯಿಂದ ಕಡತದಲ್ಲಿ ಓಡುತ್ತಿದೆ. ಒಟ್ಟು 164 ಕಿಲೋಮೀಟರು, ಅದರಲ್ಲಿ ಹುಬ್ಬಳ್ಳಿಯಿಂದ ಕಿರವತ್ತಿವರೆಗೆ 47. ಕಾಡು ಕಡಿಯುವ ಪ್ರಶ್ನೆಯ ಮೇಲೆ ಅದು ಸಿಕ್ಕಿಬಿದ್ದಿದೆ. ಈ ಕಡೆ ಘಟ್ಟ ಇಳಿಯುವ ರೈಲಿನ ಜಲ್ಲಿ ನೋಡಬೇಕೆಂದರೆ ಲೋಂಡಾ ಕಡೆಗೆ, ಕ್ಯಾಸಲ್‌ರಾಕ್‌ಗೆ ಹೋಗಬೇಕು. ಅಲ್ಲಿಂದ ಗೋವಾಕ್ಕೆ ಇಳಿಯುವ ಹಳಿ 37 ಅಡಿಗೆ ಒಂದು ಅಡಿ ಇಳಿಜಾರು. ಸ್ಲೀಪರಿನ ಕೆಳಗಿನ ಜಲ್ಲಿಯನ್ನು ಹತ್ತಿರದಿಂದ ನೋಡಿ: ಹೆಬ್ಬೆರಳಿಗಿಂತ ದೊಡ್ಡ, ಮುಷ್ಟಿಗಿಂತ ಚಿಕ್ಕ, ಮೂಲೆ ಮೂಲೆ ಒಡೆದ ಕಲ್ಲು. ಬೇಡ್ತಿ ಹೊಳೆಯ ನುಣುಪು ಗುಂಡುಕಲ್ಲು ತಂದು ಸುರಿದರೆ ಮೊದಲ ಗೂಡ್ಸ್ ಗಾಡಿಗೇ ಅದು ಪಕ್ಕಕ್ಕೆ ಹರಿದುಹೋಗುತ್ತದೆ. ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಗಾಡಿ ಹಾದಾಗಲೆಲ್ಲ ಕೆಲವು ಕಲ್ಲು ಸರಪಣಿಯಲ್ಲಿ ಸಿಕ್ಕಿ ಅವುಗಳ ಮೂಲೆ ಚೂರಾಗುತ್ತದೆ, ಆ ಪುಡಿ ಸಂದಿಗೆ ಇಳಿಯುತ್ತದೆ, ಹಳಿ ಒಂದಿಷ್ಟು ಕೂರುತ್ತದೆ. ಮೊದಮೊದಲು ಬೇಗ ಕೂರುತ್ತದೆ, ಆಮೇಲೆ ತೀರ ನಿಧಾನ. ಗಾಜಿನ ಮಣಿ ತುಂಬಿದ ನಳಿಗೆಯನ್ನು ಸಾವಿರಾರು ಬಾರಿ ತಟ್ಟಿ ನೋಡಿದ ಷಿಕಾಗೋದವರೂ 1995ರಲ್ಲಿ ಇದನ್ನೇ ಕಂಡಿದ್ದರು: ಮೊದಲ ಹತ್ತು ಏಟಿಗೆ ಇಳಿದಷ್ಟು ಇನ್ನೊಮ್ಮೆ ಇಳಿಯಲು ತೊಂಬತ್ತು ಏಟು ಬೇಕು, ಆಮೇಲೆ ಒಂಬೈನೂರು. ಕೂತು ಬಿಗಿಯಾದ ಜಲ್ಲಿಯನ್ನು ಯಂತ್ರದ ಉಗುರುಗಳಿಂದ ಅಲುಗಾಡಿಸಿ ಮತ್ತೆ ಸ್ಲೀಪರಿನಡಿಗೆ ತುರುಕುವುದು ರೈಲ್ವೆಯವರ ಮುಗಿಯದ ಕೆಲಸ.

ರಸ್ತೆಯ ಜಲ್ಲಿಗೆ ಒಂದು ವಿಷಯ ಹೆಚ್ಚು: ನೀರು. ಮಣ್ಣು ತುಂಬಿ ರೋಲರ್ ಓಡಿಸುವಾಗ ಟ್ಯಾಂಕರ್ ಮುಂದೆ ಮುಂದೆ ನೀರು ಚಿಮುಕಿಸುತ್ತ ಹೋಗುವುದನ್ನು ನೋಡಿದ್ದೇವೆ. ಧೂಳು ಏಳದಿರಲೆಂದು ಅಲ್ಲ. ಸ್ವಲ್ಪ ತೇವವಿದ್ದರೆ ಕಣಗಳು ಜಾರಿ ಒತ್ತಾಗಿ ಕೂರುತ್ತವೆ. ನೀರು ಹೆಚ್ಚಾದರೆ ಸಂದಿನಲ್ಲೆಲ್ಲ ನೀರೇ ತುಂಬಿ ಕಣಗಳು ಹತ್ತಿರ ಬರಲಾರವು. ಎಷ್ಟು ತೇವಕ್ಕೆ ಮಣ್ಣು ಅತ್ಯಂತ ಗಟ್ಟಿ ಕೂರುತ್ತದೆ ಎಂಬ ಪರೀಕ್ಷೆಯನ್ನು ಅಮೆರಿಕದ ಪ್ರಾಕ್ಟರ್ 1933ರಲ್ಲಿ ಹೇಳಿಕೊಟ್ಟರು. ಇಂದಿಗೂ ಹೆದ್ದಾರಿ ಗುತ್ತಿಗೆಯ ಕಾಗದದಲ್ಲೆಲ್ಲ ಅವರ ಹೆಸರಿದೆ. ಕಾಗದದಲ್ಲಿದ್ದದ್ದು ರೋಲರಿನ ಕೆಳಗೂ ಇತ್ತೇ ಎಂಬುದು ಮೊದಲ ಮಳೆಗಾಲ ಕಳೆದ ಮೇಲೆ ತಿಳಿಯುತ್ತದೆ.

ಕಿರವತ್ತಿಯಿಂದ ಅದೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಯಲ್ಲಾಪುರ, ಆಮೇಲೆ ಅರಬೈಲ್ ಘಟ್ಟ. 2021ರ ಜುಲೈ ಮಳೆಯಲ್ಲಿ ಅರಬೈಲಿನಲ್ಲಿ ರಸ್ತೆ ಕುಸಿದು ಸಂಚಾರ ನಿಂತಿತು. ಅದೇ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ಅಡಿಕೆ ತೋಟ, ಮನೆ, ದಾರಿಗಳನ್ನು ಒಯ್ದಿತು. ಮೂರು ವರ್ಷದ ಮೇಲೆ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಕಡಿದಿದ್ದ ಗುಡ್ಡ ಗಂಗಾವಳಿಗೆ ಬಿದ್ದು ಆಚೆ ದಡದ ಉಳುವರೆಯನ್ನೂ ಮುಟ್ಟಿತು. ಗಂಗಾವಳಿ ಎಂದರೆ ಕಲಘಟಗಿ ಕಡೆಯಿಂದ ಬರುವ ಬೇಡ್ತಿಯೇ. ಮೂರೂ ಕಡೆ ಜನ ಹೇಳಿದ ಮಾತು ಹೆಚ್ಚೂಕಡಿಮೆ ಒಂದೇ: ನೀರು ಕುಡಿದು ಮಣ್ಣು ಭಾರವಾಯಿತು, ಕುಸಿಯಿತು.

ಭಾರವಾದದ್ದು ನಿಜ, ಆದರೆ ಕುಸಿತದ ಮುಖ್ಯ ಕಾರಣ ಅದಲ್ಲ. ಮೂರು ಮೀಟರು ಆಳದ ಒಂದು ಚದರ ಮೀಟರು ಜಾಗವನ್ನು ತೆಗೆದುಕೊಳ್ಳಿ. ನೀರು ತುಂಬದ ಮಣ್ಣು ಘನ ಮೀಟರಿಗೆ ಸುಮಾರು 1.8 ಟನ್ ತೂಗಿದರೆ, ಆ ಆಳದಲ್ಲಿ ಮೇಲಿನ ಭಾರ 5.4 ಟನ್. ಅಷ್ಟೂ ಭಾರ ಕಣದಿಂದ ಕಣಕ್ಕೆ ದಾಟುತ್ತ ಬಂದಿದೆ, ಅಷ್ಟಕ್ಕೂ ತಕ್ಕ ಘರ್ಷಣೆ ಇಳಿಜಾರನ್ನು ಹಿಡಿದಿದೆ. ಈಗ ಮಳೆ ಬಿದ್ದು ನೀರು ನೆಲದ ಮಟ್ಟದವರೆಗೂ ನಿಂತಿತು ಎನ್ನಿ. ಮಣ್ಣು ಘನ ಮೀಟರಿಗೆ 2 ಟನ್ ಆಯಿತು, ಒಟ್ಟು ಭಾರ 6 ಟನ್‌ಗೆ ಏರಿತು. ಆದರೆ ಅದರಲ್ಲಿ 3 ಟನ್ ಅನ್ನು ಸಂದಿನ ನೀರು ತನ್ನ ಒತ್ತಡದಿಂದ ಎತ್ತಿ ಹಿಡಿಯುತ್ತದೆ. ಕಣಗಳ ನಡುವೆ ಉಳಿದ ಒತ್ತು 3 ಟನ್ ಮಾತ್ರ. ಭಾರ ಏರಿತು, ಹಿಡಿತ ಅರ್ಧದ ಹತ್ತಿರಕ್ಕೆ ಇಳಿಯಿತು. ನೀರಿಗೆ ಘರ್ಷಣೆ ಎಂಬುದಿಲ್ಲ, ಅದು ಹೊತ್ತ ಭಾರ ಇಳಿಜಾರನ್ನು ಹಿಡಿಯುವ ಕೆಲಸಕ್ಕೆ ಬಾರದು. ಕಾರ್ಲ್ ಟೆರ್ಜಾಗಿ ಎಂಬ ಆಸ್ಟ್ರಿಯನ್ ಇಂಜಿನಿಯರ್ ಇಸ್ತಾಂಬುಲಿನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಈ ಲೆಕ್ಕವನ್ನು ಬಿಡಿಸಿ 1925ರಲ್ಲಿ ಪುಸ್ತಕವಾಗಿಸಿದರು. ಮಣ್ಣಿನ ಇಂಜಿನಿಯರಿಂಗ್ ಇಡಿಯಾಗಿ ನಿಂತಿರುವುದು ಇದರ ಮೇಲೆ.

ನಮ್ಮ ಘಟ್ಟದಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಮೇಲೆ ಗಟ್ಟಿ ಚಿರೇಕಲ್ಲು, ಅದರ ಅಡಿಯಲ್ಲಿ ಹಲವು ಕಡೆ ನುಣುಪಾದ ಶೇಡಿಮಣ್ಣು. ಚಿರೇಕಲ್ಲಿನ ತೂತುಗಳಿಂದ ನೀರು ಸಲೀಸಾಗಿ ಇಳಿಯುತ್ತದೆ, ಶೇಡಿಯಲ್ಲಿ ಇಳಿಯಲಾರದೆ ಅಲ್ಲೇ ನಿಲ್ಲುತ್ತದೆ, ಒತ್ತಡ ಏರುವುದು ಸರಿಯಾಗಿ ಆ ಪದರದಲ್ಲಿ. ಸಡಿಲವಾಗಿ ಕೂತ ಮಣ್ಣು ಜರುಗಿದಾಗ ಕುಗ್ಗುತ್ತದೆ ಎಂದು ಹೇಳಿದ್ದೆನಲ್ಲ. ರಸ್ತೆಗೆ ಕಡಿದ ಮಣ್ಣನ್ನು ಪಕ್ಕದ ಇಳಿಜಾರಿಗೇ ಚೆಲ್ಲಿದ್ದು, ರೋಲರ್ ಕಾಣದ್ದು, ಇಂಥ ಸಡಿಲ ಮಣ್ಣು. ನೀರು ತುಂಬಿದ ಹೊತ್ತಿಗೆ ಅದು ಚೂರು ಜರುಗಿದರೂ ಕುಗ್ಗಿ, ಸಂದಿನ ನೀರನ್ನು ಹಿಂಡುತ್ತದೆ. ಹಿಂಡಿದ ನೀರಿಗೆ ಹೋಗಲು ದಾರಿಯಿಲ್ಲದಿದ್ದರೆ ಒತ್ತಡ ಇನ್ನೂ ಏರುತ್ತದೆ, ಕಣಗಳು ಒಂದನ್ನೊಂದು ಬಿಟ್ಟುಬಿಡುತ್ತವೆ, ಗುಡ್ಡ ಕೆಸರಾಗಿ ಹರಿಯುತ್ತದೆ. ಒತ್ತಾಗಿ ಕೂತ ಮಣ್ಣಾದರೆ ಜರುಗುವಾಗ ಉಬ್ಬಿ, ನೀರನ್ನು ಒಳಗೆಳೆದುಕೊಂಡು, ಒಂದಷ್ಟು ಹೊತ್ತು ತನ್ನನ್ನು ತಾನೇ ಬಿಗಿ ಹಿಡಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಪ್ರತಿ ಕುಸಿತದ ನಂತರ ನಮ್ಮಲ್ಲಿ ಮೊದಲು ಮಂಜೂರಾಗುವುದು ತಡೆಗೋಡೆ, ಅದೂ ಎತ್ತರದ ಲೆಕ್ಕದಲ್ಲಿ. ಗೋಡೆ ಮಣ್ಣಿನ ಒತ್ತಡವನ್ನಷ್ಟೇ ಹೊರಬೇಕಿದ್ದರೆ ಸಾಧಾರಣ ದಪ್ಪ ಸಾಕು. ಹಿಂದೆ ನೀರು ನಿಂತರೆ ಅದೇ ಗೋಡೆ ಅಣೆಕಟ್ಟಿನ ಕೆಲಸ ಮಾಡಬೇಕಾಗುತ್ತದೆ, ಅದಕ್ಕೆಂದು ಕಟ್ಟಿದ್ದಲ್ಲ. ಅದಕ್ಕೇ ಗೋಡೆಯ ಮೈಯಲ್ಲಿ ಸಾಲು ಸಾಲಾಗಿ ತೂತು ಬಿಟ್ಟು ಪ್ಲಾಸ್ಟಿಕ್ ಪೈಪಿನ ತುಂಡು ಕೂರಿಸಿರುತ್ತಾರೆ, ಅದರ ಹಿಂದೆ ಮಣ್ಣು ಬಾರದ ಹಾಗೆ ಜಲ್ಲಿ ತುಂಬಬೇಕು. ಜಲ್ಲಿಯ ಖರ್ಚು ಉಳಿಸಿದರೆ ಹೊರಗಿನಿಂದ ಕಾಣುವುದಿಲ್ಲ. ಪೈಪು ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಘಟ್ಟದಲ್ಲಿ ಹೋಗುವಾಗ ಜುಲೈ, ಆಗಸ್ಟಿನ ಜಡಿಮಳೆಯಲ್ಲಿ ಹೊಸ ತಡೆಗೋಡೆಗಳ ಈ ತೂತುಗಳನ್ನು ಗಮನಿಸಿ. ನೀರು ಸುರಿಯುತ್ತಿದ್ದರೆ ಗೋಡೆ ಕೆಲಸ ಮಾಡುತ್ತಿದೆ. ಗುಡ್ಡ ತೊಪ್ಪೆಯಾಗಿದ್ದೂ ತೂತುಗಳು ಒಣಗಿದ್ದರೆ ಆ ಊರಿನ ಪಂಚಾಯಿತಿಗೆ ಫೋಟೊ ಸಮೇತ ತಿಳಿಸಿ, ಮತ್ತು ಅದರ ಕೆಳಗೆ ಗಾಡಿ ನಿಲ್ಲಿಸಿಕೊಂಡು ಚಹಾ ಕುಡಿಯಬೇಡಿ.